ಗಾಳಿಯ ಮರೆ: ರೇಸಿಂಗ್ ವಿಡಿಯೊ ಗೇಮ್‌ಗಳಲ್ಲಿ ಸ್ಲಿಪ್‌ಸ್ಟ್ರೀಮ್ ಮತ್ತು ವೇಗದ ಪ್ರಯೋಗಗಳು

ವೇಗವಾಗಿ ಓಡುವ ಒಂದು ವಾಹನದ ಬೆನ್ನಿಗೇ ಇನ್ನೊಂದು ವಾಹನ ಓಡಿದರೆ ಹಿಂದಿನದಕ್ಕೆ ಎದುರುಗಾಳಿಯ ತಡೆ ತಗ್ಗುತ್ತದೆ. ಅದೇ ಎಂಜಿನ್, ಅದೇ ಗೇರ್, ಆಕ್ಸಿಲರೇಟರ್ ಕೂಡ ಅಷ್ಟೇ ತಿರುಗಿರುತ್ತದೆ. ಆದರೂ ವೇಗ ಏರುತ್ತದೆ. ಮೋಟಾರು ಪಂದ್ಯಗಳಲ್ಲಿ ಇದಕ್ಕೆ ಸ್ಲಿಪ್‌ಸ್ಟ್ರೀಮ್ ಅಥವಾ ಡ್ರಾಫ್ಟಿಂಗ್ ಎನ್ನುತ್ತಾರೆ. ರೇಸಿಂಗ್ ಗೇಮ್ ಆಡುವವರಿಗೂ ಇದು ಹೊಸದಲ್ಲ. ಮುಂದಿನ ಕಾರಿನ ಹಿಂದೆ ಸರಿದೊಡನೆ ಪರದೆಯ ಅಂಚಿನಲ್ಲಿ ಬಿಳಿ ಗೆರೆಗಳು ಓಡತೊಡಗುತ್ತವೆ, ವೇಗದ ಅಂಕಿ ಮೇಲೇರುತ್ತದೆ. ಆ ಗೆರೆಗಳ ಹಿಂದೆ ನಿಜವಾದ ಗಾಳಿಯ ಲೆಕ್ಕ ಎಷ್ಟಿದೆ, ಪ್ರೋಗ್ರಾಂ ಬರೆದವರು ಮಾಡಿಕೊಂಡ ಅನುಕೂಲ ಎಷ್ಟಿದೆ ಎಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ಮನೆಯಲ್ಲಿ ಕುಳಿತೇ ಅಳೆಯಬಹುದು. ಅಳೆಯುವ ಆ ವಿಧಾನ ವಾಹನ ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವ ವಿಧಾನವೇ ಆಗಿರುವುದರಿಂದ ಅಂಥ ಕಾರ್ಖಾನೆಗಳಿರುವ ಹೊಸೂರು ಸೀಮೆಗೆ ಈ ವಿಷಯ ಬಹಳ ಹತ್ತಿರದ್ದು.

ಗಾಳಿಯ ತಡೆ ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ: ಗಾಳಿಯ ಸಾಂದ್ರತೆ, ವಾಹನದ ಎದುರುಮುಖದ ವಿಸ್ತೀರ್ಣ, ಅದರ ಆಕಾರವನ್ನು ಸೂಚಿಸುವ ಎಳೆತ ಗುಣಾಂಕ, ಮತ್ತು ವೇಗದ ವರ್ಗ. ಇವುಗಳ ಗುಣಲಬ್ಧದ ಅರ್ಧವೇ ತಡೆಯ ಬಲ. ಆದ್ದರಿಂದ 60 ಕಿ.ಮೀ. ವೇಗದಿಂದ 120ಕ್ಕೆ ಏರಿದರೆ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಆ ತಡೆಯನ್ನು ಮೀರಲು ಬೇಕಾದ ಶಕ್ತಿಯಂತೂ ವೇಗದ ಘನಕ್ಕೆ ಅನುಗುಣವಾಗಿ, ಅಂದರೆ ಎಂಟು ಪಟ್ಟಾಗಿ, ಏರುತ್ತದೆ. ಎಂಜಿನ್ನಿನ ಶಕ್ತಿ ಹೆಚ್ಚಿಸಿ ಗರಿಷ್ಠ ವೇಗ ಏರಿಸುವುದು ಎಷ್ಟು ದುಬಾರಿ ಎಂಬುದು ಇದರಲ್ಲೇ ಇದೆ: ವೇಗ ಶೇ. 10ರಷ್ಟು ಹೆಚ್ಚಬೇಕಾದರೆ ಶಕ್ತಿ ಶೇ. 33ರಷ್ಟು ಹೆಚ್ಚಬೇಕು. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಸ್ಲಿಪ್‌ಸ್ಟ್ರೀಮ್‌ನ ಬೆಲೆ ತಿಳಿಯುತ್ತದೆ. ಮುಂದಿನ ವಾಹನದ ಮರೆಯಲ್ಲಿ ತಡೆ ಶೇ. 25ರಷ್ಟು ತಗ್ಗಿದರೆ ಅದೇ ಎಂಜಿನ್ನಿಗೆ ಶೇ. 10ರಷ್ಟು ಹೆಚ್ಚಿನ ಗರಿಷ್ಠ ವೇಗ ಪುಕ್ಕಟೆಯಾಗಿ ಸಿಗುತ್ತದೆ.

ಸಾಂದ್ರತೆಯ ಮಾತು ಹೊಸೂರಿನ ಬಳಿಯ ಮತ್ತಿಗಿರಿಯಂಥ ಎತ್ತರದ ಊರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, 30 ಡಿಗ್ರಿ ಬಿಸಿಲಿನಲ್ಲಿ, ಒಂದು ಘನಮೀಟರ್ ಗಾಳಿ ಹೆಚ್ಚುಕಡಿಮೆ 1.05 ಕಿಲೊಗ್ರಾಂ ತೂಗುತ್ತದೆ. ಅದೇ ಬಿಸಿಲಿನಲ್ಲಿ ಚೆನ್ನೈಯ ಕಡಲಂಚಿನಲ್ಲಿ 1.16ರಷ್ಟು. ಹೊಸೂರು ಸೀಮೆಯ ಗಾಳಿ ಹತ್ತರಲ್ಲೊಂದು ಪಾಲು ತೆಳು. ಆದರೆ ಸಾಮಾನ್ಯ ಪೆಟ್ರೋಲ್ ಎಂಜಿನ್ ಉಸಿರಾಡುವುದೂ ಅದೇ ತೆಳು ಗಾಳಿಯನ್ನು. ಅದರ ಶಕ್ತಿಯೂ ಅದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಗರಿಷ್ಠ ವೇಗ ಅಷ್ಟಾಗಿ ಬದಲಾಗದು. ವಿದ್ಯುತ್ ಮೋಟಾರಿಗೆ ಉಸಿರಿನ ಹಂಗಿಲ್ಲ. ಹೊಸೂರಿನ ಏಥರ್ ಕಾರ್ಖಾನೆಯಿಂದಲೋ ಪೋಚಂಪಳ್ಳಿಯ ಓಲಾ ಕಾರ್ಖಾನೆಯಿಂದಲೋ ಹೊರಬೀಳುವ ಸ್ಕೂಟರಿಗೆ, ಕಂಟ್ರೋಲರಿನ ವೇಗಮಿತಿ ಅಡ್ಡ ಬರದಿದ್ದರೆ, ಈ ಎತ್ತರ ಶೇ. 3ರಿಂದ 4ರಷ್ಟು ವೇಗವನ್ನು ಕೊಡಬೇಕು. ಗೇಮ್‌ಗಳು ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆಯೇ ಎಂದು ಪರೀಕ್ಷಿಸಲು ಇದು ಒಳ್ಳೆಯ ಪ್ರಶ್ನೆ.

ಮರೆಯ ಗಾಳಿ ಹೇಗಿರುತ್ತದೆ ಎಂಬುದನ್ನು ಕಣ್ಣಾರೆ ಕಾಣಲು ಕೃಷ್ಣಗಿರಿ ಕಡೆಯ ಕಲ್ಲುಕ್ವಾರಿಯ ಮಣ್ಣುದಾರಿಯಲ್ಲಿ ಹೋಗುವ ಜಲ್ಲಿ ಟಿಪ್ಪರೊಂದು ಸಾಕು. ಟಿಪ್ಪರಿನ ಚಪ್ಪಟೆ ಹಿಂಬಾಗಿಲ ಹತ್ತಿರ ಎದ್ದ ದೂಳು ಅಲ್ಲೇ ಹಿಂದೆ ಉಳಿಯುವುದಿಲ್ಲ. ಎರಡೂ ಪಕ್ಕದಿಂದ ಸುರುಳಿ ಸುತ್ತಿ ಒಳಕ್ಕೆ ಬಂದು, ಬಾಗಿಲಿಗೆ ತಾಗುವಂತೆ ಮುಂದಕ್ಕೆ ನುಗ್ಗುತ್ತದೆ. ದಾರಿಯ ಮೇಲೆ ಬಿದ್ದ ನೀಲಗಿರಿ ಎಲೆಗಳು ಲಾರಿಯನ್ನು ಅಟ್ಟಿಸಿಕೊಂಡು ಒಂದಷ್ಟು ದೂರ ಓಡುತ್ತವೆ. ಲಾರಿಯ ಮೈಗೆ ಹತ್ತಿಕೊಂಡು ಬಂದ ಗಾಳಿ ಹಿಂಬದಿಯ ಚೂಪು ಅಂಚನ್ನು ಬಳಸಿ ತಿರುಗಲಾರದೆ ಕಿತ್ತುಹೋಗುವುದರಿಂದ ಅಲ್ಲಿ ಒತ್ತಡ ಕಡಿಮೆಯಾದ ಒಂದು ಗುಳಿ ಉಂಟಾಗುತ್ತದೆ. ಆ ಗುಳಿಯೂ ಅದರ ಹಿಂದಿನ ಕಲಕಿದ ಗಾಳಿಯೂ ಲಾರಿಯ ಜೊತೆಗೇ ಮುಂದಕ್ಕೆ ಸಾಗುತ್ತವೆ. ಹಿಂದಿನಿಂದ ಬರುವ ಸವಾರನಿಗೆ ಎದುರಾಗುವುದು ನಿಂತ ಗಾಳಿಯಲ್ಲ, ಅವನ ದಿಕ್ಕಿನಲ್ಲೇ ಹೊರಟ ಗಾಳಿ. ಸ್ಲಿಪ್‌ಸ್ಟ್ರೀಮ್‌ನ ಲಾಭದ ಬಹುಪಾಲು ಇಷ್ಟೇ: ರಸ್ತೆಯ ಮೇಲಿನ ವೇಗ ಅಷ್ಟೇ ಇದ್ದರೂ ಗಾಳಿಗೆ ಎದುರಾದ ವೇಗ ಕಡಿಮೆ. ಹಿಂದಿನ ವಾಹನವನ್ನು ಏನೋ ಎಳೆದುಕೊಳ್ಳುತ್ತದೆ ಎಂಬ ನಂಬಿಕೆ ಸರಿಯಲ್ಲ. ತೀರ ಸಮೀಪದ ಗುಳಿಯೊಳಗೆ ಹೊಕ್ಕಾಗ ಮಾತ್ರ ಅಂಥದ್ದು ಸ್ವಲ್ಪ ಇರುತ್ತದೆ.

ಲಾಭ ಹಿಂದಿನವನಿಗೆ ಮಾತ್ರವಲ್ಲ ಎಂಬುದು ಅನೇಕರಿಗೆ ಆಶ್ಚರ್ಯವೆನಿಸಬಹುದು. ಹಿಂದಿನ ಕಾರು ತೀರ ಹತ್ತಿರ ಬಂದಾಗ ಅದರ ಮೂತಿಯ ಮುಂದೆ ಒತ್ತಿದ ಗಾಳಿ ಮುಂದಿನ ಕಾರಿನ ಬೆನ್ನ ಗುಳಿಯನ್ನು ತುಂಬುತ್ತದೆ. ಅಲ್ಲಿನ ಒತ್ತಡ ಏರಿದಷ್ಟೂ ಮುಂದಿನ ಕಾರನ್ನು ಹಿಂದಕ್ಕೆ ಜಗ್ಗುವ ಬಲ ಇಳಿಯುತ್ತದೆ. ಹೀಗಾಗಿ ಅಂಟಿಕೊಂಡು ಓಡುವ ಎರಡು ಕಾರು ಒಂಟಿಯಾಗಿ ಓಡುವ ಎರಡಕ್ಕಿಂತಲೂ ವೇಗವಾಗಿ ಹೋಗುತ್ತವೆ. ಅಮೆರಿಕದ ನ್ಯಾಸ್ಕಾರ್ ಪಂದ್ಯಗಳಲ್ಲಿ, 2011ರ ಡೇಟೋನಾದಲ್ಲಿ, ಚಾಲಕರು ಪಂದ್ಯದುದ್ದಕ್ಕೂ ಜೋಡಿಜೋಡಿಯಾಗಿ ಬಂಪರಿಗೆ ಬಂಪರು ತಾಗಿಸಿಕೊಂಡೇ ಓಡಿದ್ದು ಇದರಿಂದ.

ನಷ್ಟವೂ ಇದೆ. ಪಂದ್ಯದ ಕಾರು ತಿರುವಿನಲ್ಲಿ ನೆಲ ಕಚ್ಚಿಕೊಂಡಿರುವುದು ರೆಕ್ಕೆಗಳು ಉಂಟುಮಾಡುವ ಡೌನ್‌ಫೋರ್ಸ್‌ನಿಂದ. ಕಲಕಿದ, ನಿಧಾನವಾದ ಗಾಳಿಯಲ್ಲಿ ರೆಕ್ಕೆಗಳಿಗೆ ಕಸುವಿಲ್ಲ. ನೇರ ರಸ್ತೆಯಲ್ಲಿ ಸಿಕ್ಕ ವರ ತಿರುವಿನಲ್ಲಿ ಶಾಪವಾಗುತ್ತದೆ. ರೇಡಿಯೇಟರಿಗೂ ಬ್ರೇಕಿಗೂ ತಂಪು ಗಾಳಿ ಸಾಲುವುದಿಲ್ಲ. ಫಾರ್ಮುಲಾ ಒನ್ ಸಂಸ್ಥೆಯೇ ಪ್ರಕಟಿಸಿದ ಅಂಕಿಗಳ ಪ್ರಕಾರ ಹಳೆಯ ವಿನ್ಯಾಸದ ಕಾರು ಮುಂದಿನ ಕಾರಿನಿಂದ 20 ಮೀಟರ್ ಹಿಂದಿದ್ದಾಗ ಶೇ. 35ರಷ್ಟು, 10 ಮೀಟರ್ ಹಿಂದಿದ್ದಾಗ ಶೇ. 46ರಷ್ಟು ಡೌನ್‌ಫೋರ್ಸ್ ಕಳೆದುಕೊಳ್ಳುತ್ತಿತ್ತು. ಕಲಕಿದ ಗಾಳಿಯನ್ನು ಮೇಲಕ್ಕೆ ಚಿಮ್ಮಿಸುವಂತೆ ರೂಪಿಸಿದ 2022ರ ಕಾರುಗಳಲ್ಲಿ ಆ ನಷ್ಟ ಶೇ. 4ಕ್ಕೂ 18ಕ್ಕೂ ಇಳಿಯುತ್ತದೆ ಎಂದು ಸಂಸ್ಥೆ ಹೇಳಿತು. ಅದಕ್ಕೂ ಮುಂಚೆ, 2011ರಲ್ಲಿ, ಮುಂದಿನವನಿಗಿಂತ ಒಂದು ಸೆಕೆಂಡಿನೊಳಗೆ ಹಿಂದಿರುವ ಚಾಲಕ ಹಿಂಬದಿಯ ರೆಕ್ಕೆಯನ್ನು ತೆರೆಯಬಹುದೆಂಬ ನಿಯಮ ತಂದದ್ದೂ ಈ ತೊಡಕನ್ನು ದಾಟುವುದಕ್ಕೇ.

ವಿಮಾನದ ಹಿಂದಿನ ಗಾಳಿಯ ಕತೆ ಬೇರೆ. ಮತ್ತಿಗಿರಿಯಿಂದ ತಳಿ ರಸ್ತೆಯಲ್ಲಿ ಮುಂದೆ ಸಿಗುವ ಬೆಳಗೊಂಡಪಲ್ಲಿಯಲ್ಲಿ ತನೇಜಾ ಏರೋಸ್ಪೇಸ್ ಸಂಸ್ಥೆಯ ವಿಮಾನಪಟ್ಟಿ ಇದೆ. ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ ವಿನ್ಯಾಸಗೊಳಿಸಿದ ಹಂಸ ತರಬೇತಿ ವಿಮಾನಗಳು ತಯಾರಾದದ್ದು ಅಲ್ಲೇ. ರೆಕ್ಕೆಯ ತುದಿಗಳಿಂದ ಹೊರಡುವ ಎರಡು ಬಲವಾದ ಸುಳಿಗಳು ನಿಮಿಷಗಟ್ಟಲೆ ಬಾಳುತ್ತವೆ, ಹಿಂದೆ ಬರುವ ಚಿಕ್ಕ ವಿಮಾನವನ್ನು ಮಗುಚಿಹಾಕಬಲ್ಲವು. ಕಾರಿನ ಹಿಂದೆ ಹತ್ತಿರ ಹೋಗುವುದು ಲಾಭವಾದರೆ ವಿಮಾನ ನಿಲ್ದಾಣಗಳು ಅಂತರ ಕಾಯುವುದನ್ನೇ ನಿಯಮ ಮಾಡಿಕೊಂಡಿವೆ.

ಗಾಳಿಯ ಮರೆಯನ್ನು ಮನುಷ್ಯ ವೇಗಕ್ಕಾಗಿ ಬಳಸಿಕೊಂಡ ಹಳೆಯ ಪ್ರಯೋಗ ಸೈಕಲ್ಲಿನದು. 1899ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಚಾರ್ಲ್ಸ್ ಮರ್ಫಿ ರೈಲು ಕಂಬಿಗಳ ನಡುವೆ ಹಲಗೆ ಹಾಸಿಸಿ, ಮರೆ ಕಟ್ಟಿದ ಬೋಗಿಯ ಹಿಂದೆ ಸೈಕಲ್ ತುಳಿದು ಒಂದು ಮೈಲಿಯನ್ನು 57.8 ಸೆಕೆಂಡಿನಲ್ಲಿ ಮುಗಿಸಿದ. ಗಂಟೆಗೆ 100 ಕಿ.ಮೀ.! 2018ರಲ್ಲಿ ಬಾನೆವಿಲ್ ಉಪ್ಪುಬಯಲಿನಲ್ಲಿ ಡೆನಿಸ್ ಮುಲ್ಲರ್-ಕೊರೆನೆಕ್ ಡ್ರ್ಯಾಗ್‌ಸ್ಟರ್ ಕಾರಿನ ಹಿಂದಿನ ಮರೆಯಲ್ಲಿ ಗಂಟೆಗೆ 296 ಕಿ.ಮೀ. ಮುಟ್ಟಿದರು. ಮನುಷ್ಯನ ಕಾಲಿನ ಶಕ್ತಿ ಈ 119 ವರ್ಷಗಳಲ್ಲಿ ಮೂರು ಪಟ್ಟಾಗಿಲ್ಲ. ಮರೆಯೇ ಉತ್ತಮಗೊಂಡದ್ದು.

ಕಾರು ಪಂದ್ಯದಲ್ಲಿ ಇದನ್ನು ಬುದ್ಧಿಪೂರ್ವಕವಾಗಿ ಬಳಸಿದವರಲ್ಲಿ ಜೂನಿಯರ್ ಜಾನ್ಸನ್ ಹೆಸರು ಮೊದಲು ಬರುತ್ತದೆ. 1960ರ ಡೇಟೋನಾ 500 ಪಂದ್ಯಕ್ಕೆ ಬಂದಾಗ ಅವರ ಷೆವ್ರೊಲೆ ಕಾರು ಪಾಂಟಿಯಾಕ್ ಕಾರುಗಳ ವೇಗಕ್ಕೆ ಸಾಟಿಯಿರಲಿಲ್ಲ. ಅಭ್ಯಾಸದ ವೇಳೆ ಒಂದು ಪಾಂಟಿಯಾಕ್‌ನ ಬೆನ್ನಿಗೆ ಬಿದ್ದಾಗ ತನ್ನ ಕಾರೂ ಅದರ ಸಮಕ್ಕೆ ಓಡುವುದನ್ನು ಗಮನಿಸಿ, ಅದನ್ನೇ ತಂತ್ರವಾಗಿಸಿಕೊಂಡು ಪಂದ್ಯ ಗೆದ್ದರು. 1971ರ ಇಟಲಿಯ ಮೊಂಜಾ ಪಂದ್ಯವಂತೂ ಸ್ಲಿಪ್‌ಸ್ಟ್ರೀಮ್‌ನ ಪರಾಕಾಷ್ಠೆ: ಮೊದಲ ಐದು ಕಾರುಗಳು 0.61 ಸೆಕೆಂಡಿನೊಳಗೆ ಗೆರೆ ದಾಟಿದವು. ಪೀಟರ್ ಗೆಥಿನ್ 0.01 ಸೆಕೆಂಡಿನಿಂದ ಗೆದ್ದರು. ಸರಾಸರಿ ವೇಗ 242 ಕಿ.ಮೀ. ಮೀರಿತ್ತು. ಮರುವರ್ಷವೇ ಆ ಪಥದಲ್ಲಿ ವೇಗ ತಗ್ಗಿಸುವ ಅಡ್ಡತಿರುವುಗಳನ್ನು ಕಟ್ಟಲಾಯಿತು.

ಈ ಸೀಮೆಯಲ್ಲಿ ವೇಗದ ಉದ್ಯಮಕ್ಕೆ ನಾಲ್ಕು ದಶಕ ಮೀರಿದ ಚರಿತ್ರೆ ಇದೆ. ಹೊಸೂರಿನಲ್ಲಿ ಟಿವಿಎಸ್ 50 ಮೊಪೆಡ್ ತಯಾರಾಗತೊಡಗಿದ್ದು 1980ರಲ್ಲಿ. ಎರಡೇ ವರ್ಷದಲ್ಲಿ, 1982ರಲ್ಲಿ, ಕಂಪನಿ ತನ್ನ ರೇಸಿಂಗ್ ತಂಡವನ್ನು ಕಟ್ಟಿತು. 2013ರಲ್ಲಿ ಬಿಎಂಡಬ್ಲ್ಯು ಜೊತೆಗಿನ ಒಪ್ಪಂದ, ಮುಂದೆ 2017ರ ಡಿಸೆಂಬರಿನಲ್ಲಿ ಬಂದ ಅಪಾಚೆ ಆರ್‌ಆರ್ 310. ಗಾಳಿ ಸೀಳುವ ಮುಖಕವಚ ತೊಟ್ಟ ಆ ಬೈಕಿನ ಆಕಾರವೇ ಈ ಬರಹದ ವಿಷಯವನ್ನು ಹೇಳುತ್ತದೆ. ತಂಡದಲ್ಲಿ ಕನ್ನಡನಾಡಿನ ಸವಾರರಾದ ಉಡುಪಿಯ ಕೆ.ಪಿ. ಅರವಿಂದ್, ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಓಡಿದ್ದಾರೆ; ಐಶ್ವರ್ಯಾ 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಗಾಳಿಯನ್ನು ಅಳೆಯುವ ದೊಡ್ಡ ಸಲಕರಣೆಗಳೂ ದೂರವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತೆರೆದ ವಾಯುಸುರಂಗದ ಪರೀಕ್ಷಾಕೋಣೆ 14 ಅಡಿ ಅಗಲ, 9 ಅಡಿ ಎತ್ತರದ್ದು. ಎನ್‌ಎಎಲ್‌ನ 1.2 ಮೀಟರ್ ವಾಯುಸುರಂಗ 1967ರಿಂದ ದೇಶದ ರಾಕೆಟ್ಟು, ವಿಮಾನಗಳ ಮಾದರಿಗಳನ್ನು ಪರೀಕ್ಷಿಸುತ್ತಿದೆ. ಆದರೆ ಒಂದರ ಹಿಂದೊಂದು ವಾಹನದ ಪರೀಕ್ಷೆ ವಾಯುಸುರಂಗಕ್ಕೆ ಕಷ್ಟದ್ದು. ಕಲಕಿದ ಗಾಳಿ ಹಲವು ವಾಹನಗಳ ಉದ್ದಕ್ಕೂ ಚಾಚಿಕೊಂಡಿರುತ್ತದೆ. ಅಷ್ಟು ಉದ್ದದ ಕೋಣೆ ಸಿಗದಿದ್ದರೆ ಚಿಕ್ಕ ಮಾದರಿಗಳಿಗೆ ಇಳಿಯಬೇಕು, ಇಳಿದಾಗ ಗಾಳಿಯ ವರ್ತನೆಯೇ ಒಂದಿಷ್ಟು ಬದಲಾಗುತ್ತದೆ.

ಕಂಪ್ಯೂಟರ್ ಲೆಕ್ಕವೂ ಹಗುರವಲ್ಲ. ನೆದರ್ಲೆಂಡ್ಸಿನ ಐಂಡ್‌ಹೋವನ್ ವಿಶ್ವವಿದ್ಯಾಲಯದ ಬರ್ಟ್ ಬ್ಲಾಕನ್ ನೇತೃತ್ವದ ತಂಡ 2018ರಲ್ಲಿ 121 ಸೈಕಲ್ ಸವಾರರ ಗುಂಪಿನ ಗಾಳಿಯನ್ನು ಲೆಕ್ಕಹಾಕಿತು. ಗುಂಪಿನ ನಡುವೆ, ಹಿಂಭಾಗದಲ್ಲಿ ಇರುವವನಿಗೆ ತಡೆ ಒಂಟಿ ಸವಾರನ ಶೇ. 5ರಿಂದ 10ರಷ್ಟೇ ಎಂಬುದು ಅದರ ಫಲಿತಾಂಶ. ಅದಕ್ಕಾಗಿ ಗಾಳಿಯನ್ನು ಸುಮಾರು 300 ಕೋಟಿ ಚಿಕ್ಕ ಕೋಶಗಳಾಗಿ ವಿಂಗಡಿಸಿ, ಸೂಪರ್ ಕಂಪ್ಯೂಟರನ್ನು 54 ಗಂಟೆ ದುಡಿಸಬೇಕಾಯಿತು. ವಿಡಿಯೊ ಗೇಮ್‌ಗೆ ಇಷ್ಟು ಪುರುಸೊತ್ತಿಲ್ಲ. ಸೆಕೆಂಡಿಗೆ 60 ಚಿತ್ರ ತೋರಿಸುವ ಗೇಮ್ ಪ್ರತಿ ಚಿತ್ರಕ್ಕೂ 16.7 ಮಿಲಿಸೆಕೆಂಡಿನಲ್ಲಿ ಎಲ್ಲ ಕಾರುಗಳ ಟೈರು, ಸಸ್ಪೆನ್ಷನ್, ಎಂಜಿನ್, ಗಾಳಿ, ಶಬ್ದ, ಬೆಳಕು ಎಲ್ಲವನ್ನೂ ಮುಗಿಸಬೇಕು. 200 ಕಿ.ಮೀ. ವೇಗದ ಕಾರು ಅಷ್ಟರಲ್ಲಿ 93 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ.

ಅದಕ್ಕಾಗಿ ಗೇಮ್ ಗಾಳಿಯನ್ನು ಲೆಕ್ಕಹಾಕುವುದೇ ಇಲ್ಲ. ಗಾಳಿಯ ಪರಿಣಾಮವನ್ನು ಮಾತ್ರ ಬರೆದಿಟ್ಟುಕೊಳ್ಳುತ್ತದೆ. ಸಾಮಾನ್ಯ ಉಪಾಯ ಹೀಗೆ: ಪ್ರತಿ ಕಾರಿನ ಹಿಂದೆ ಕಣ್ಣಿಗೆ ಕಾಣದ ಒಂದು ಶಂಕು ಅಥವಾ ಪೆಟ್ಟಿಗೆ ಇರುತ್ತದೆ. ಇನ್ನೊಂದು ಕಾರಿನ ಮೂತಿ ಅದರೊಳಗೆ ಬಂತೇ, ಬಂದರೆ ಎಷ್ಟು ದೂರದಲ್ಲಿ, ನಡುಗೆರೆಯಿಂದ ಎಷ್ಟು ಪಕ್ಕಕ್ಕೆ ಎಂದು ನೋಡಿ, ಅದಕ್ಕೆ ತಕ್ಕಂತೆ ಎಳೆತ ಗುಣಾಂಕವನ್ನು ಒಂದಕ್ಕಿಂತ ಕಡಿಮೆ ಸಂಖ್ಯೆಯಿಂದ ಗುಣಿಸಲಾಗುತ್ತದೆ. ಸಿಮ್ಯುಲೇಟರ್ ಎನಿಸಿಕೊಂಡ ಗೇಮ್‌ಗಳು ಇದರ ಜೊತೆಗೆ ಮುಂದಿನ, ಹಿಂದಿನ ರೆಕ್ಕೆಗಳ ಡೌನ್‌ಫೋರ್ಸನ್ನೂ ಬೇರೆಬೇರೆಯಾಗಿ ತಗ್ಗಿಸುತ್ತವೆ; ಮರೆಯಲ್ಲಿ ತಿರುವು ತೆಗೆದುಕೊಂಡರೆ ಕಾರು ಹೊರಕ್ಕೆ ಜಾರುವುದು ಆಗ. 2008ರಲ್ಲಿ ಬಂದ ಐರೇಸಿಂಗ್ ಈ ಬಗೆಯದು. 2020ರ ಮಾರ್ಚಿನಲ್ಲಿ ಕೊರೊನಾ ಕಾರಣ ನಿಜವಾದ ಪಂದ್ಯಗಳು ನಿಂತಾಗ ನ್ಯಾಸ್ಕಾರ್ ಚಾಲಕರೇ ಅದರಲ್ಲಿ ಪಂದ್ಯ ನಡೆಸಿದರು, ಟಿವಿಯಲ್ಲೂ ಪ್ರಸಾರವಾಯಿತು. ಇನ್ನೊಂದು ತುದಿಯಲ್ಲಿ ಮಾರಿಯೊ ಕಾರ್ಟ್ ವೀ ಇದೆ. ಅದರಲ್ಲಿ ಮುಂದಿನವನ ಹಿಂದೆ ಒಂದಷ್ಟು ಹೊತ್ತು ಉಳಿದರೆ ಬಹುಮಾನವೆಂಬಂತೆ ಒಂದು ನೂಕು ಸಿಗುತ್ತದೆ. ಅದು ಭೌತವಿಜ್ಞಾನವಲ್ಲ, ಆಟದ ನಿಯಮ. ಮಕ್ಕಳ ಆಟಕ್ಕೆ ಅದು ಒಪ್ಪುತ್ತದೆ. ಗ್ರಾನ್ ಟುರಿಸ್ಮೊದಂಥ ಗೇಮ್ ನಡುದಾರಿ ಹಿಡಿದು, ಸ್ಲಿಪ್‌ಸ್ಟ್ರೀಮ್ ಎಷ್ಟು ಬಲವಾಗಿರಬೇಕೆಂದು ಆಡುವವರೇ ಆರಿಸಿಕೊಳ್ಳಲು ಬಿಡುತ್ತದೆ.

ಇಂಥ ಜಗತ್ತುಗಳನ್ನು ಕಟ್ಟುವ ಕೆಲಸದಲ್ಲಿ ಬೆಂಗಳೂರಿನ ಪಾಲೂ ಇದೆ. ರಾಜೇಶ್ ರಾವ್ 1997ರಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆ ಫೋರ್ಜಾ ಸರಣಿಯ ರೇಸಿಂಗ್ ಗೇಮ್‌ಗಳಿಗೆ ಚಿತ್ರಕೆಲಸ ಮಾಡಿಕೊಟ್ಟಿತು. 2019ರಲ್ಲಿ ಅದನ್ನು ಕೊಂಡದ್ದು ಗ್ರ್ಯಾಂಡ್ ಥೆಫ್ಟ್ ಆಟೊ ಸರಣಿಯ ರಾಕ್‌ಸ್ಟಾರ್. ಆ ಸರಣಿಯ ಆನ್‌ಲೈನ್ ಪಂದ್ಯಗಳಲ್ಲಿ ಸ್ಲಿಪ್‌ಸ್ಟ್ರೀಮ್ ಇರಬೇಕೇ ಬೇಡವೇ, ಹಿಂದುಳಿದವರಿಗೆ ಕೃತಕ ವೇಗ ಕೊಡಬೇಕೇ ಬೇಡವೇ ಎಂಬ ಎರಡು ಪ್ರತ್ಯೇಕ ಆಯ್ಕೆಗಳಿವೆ. ಪ್ರಯೋಗ ಮಾಡುವವರಿಗೆ ಇದು ದೊಡ್ಡ ಉಪಕಾರ. ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನೆಲ್ಲ ಹಾಗೇ ಇಡುವುದು ಪ್ರಯೋಗದ ಮೊದಲ ಷರತ್ತು, ಹೆದ್ದಾರಿಯಲ್ಲಿ ಅದು ಎಂದೂ ಸಾಧ್ಯವಾಗದು.

ಅಳೆಯುವ ಮುಂಚೆ ಏನನ್ನು ನಿರೀಕ್ಷಿಸಬೇಕು ಎಂಬ ಲೆಕ್ಕ ಕೈಯಲ್ಲಿರಬೇಕು. ಒಂದು ಉದಾಹರಣೆ: ಸವಾರನೂ ಸೇರಿ 230 ಕಿಲೊಗ್ರಾಂ ತೂಗುವ ಬೈಕು, ಚಕ್ರಕ್ಕೆ ತಲಪುವ ಶಕ್ತಿ 20 ಕಿಲೊವ್ಯಾಟ್, ಎಳೆತ ಗುಣಾಂಕ ಮತ್ತು ವಿಸ್ತೀರ್ಣದ ಗುಣಲಬ್ಧ 0.35 ಚದರ ಮೀಟರ್. ಗಾಳಿಯ ಸಾಂದ್ರತೆ 1.1. ಟೈರಿನ ತಡೆಯನ್ನು ಬಿಟ್ಟರೆ ಇದರ ಗರಿಷ್ಠ ವೇಗ ಸೆಕೆಂಡಿಗೆ 47 ಮೀಟರ್, ಅಂದರೆ ಗಂಟೆಗೆ 169 ಕಿ.ಮೀ. ಇಂಥದೇ ಇನ್ನೊಂದು ಬೈಕು 10 ಮೀಟರ್ ಹಿಂದೆ ಅದೇ ವೇಗದಲ್ಲಿದ್ದು, ಮರೆಯಲ್ಲಿ ಅದರ ತಡೆ ಶೇ. 25ರಷ್ಟು ತಗ್ಗಿತು ಎಂದುಕೊಂಡರೆ, ಮೊದಲಿಗೆ ಅದಕ್ಕೆ 106 ನ್ಯೂಟನ್ ಬಲ ಉಳಿತಾಯವಾಗುತ್ತದೆ, ವೇಗೋತ್ಕರ್ಷ 0.46 ಮೀ/ಸೆ². ವೇಗ ಏರಿದಂತೆ ಈ ಲಾಭ ಕರಗುತ್ತ ಬರುತ್ತದೆ. ಆದರೂ ಸುಮಾರು 7.4 ಸೆಕೆಂಡಿನಲ್ಲಿ 10 ಮೀಟರ್ ಅಂತರ ಮುಗಿದು, ಮುಂದಿನದಕ್ಕಿಂತ ಗಂಟೆಗೆ 9 ಕಿ.ಮೀ.ಯಷ್ಟು ಹೆಚ್ಚಿನ ವೇಗದಲ್ಲಿ ಅದರ ಹಿಂಚಕ್ರದ ಬಳಿಗೆ ಬಂದಿರುತ್ತದೆ. ಆಗ ಪಕ್ಕಕ್ಕೆ ಸರಿದರೆ ಪೂರ್ತಿ ತಡೆ ಮತ್ತೆ ಎದುರಾಗುತ್ತದೆ. ಆದರೆ ಗಳಿಸಿದ ವೇಗ ತಕ್ಷಣ ಮಾಯವಾಗದು. ದ್ರವ್ಯರಾಶಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರಡು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಹಿಂದಿನ ಬೈಕು 4 ಮೀಟರ್ ಮುಂದೆ ದಾಟಿರುತ್ತದೆ. ಒಟ್ಟು ಬೇಕಾದ ನೇರ ರಸ್ತೆ ಸುಮಾರು 450 ಮೀಟರ್. 2023ರಲ್ಲಿ ಮೋಟೋ ಜಿಪಿ ಪಂದ್ಯ ನಡೆದ, ಅದೇ ವರ್ಷದ ಮೋಟೋ ಜಿಪಿ ಗೇಮ್‌ನಲ್ಲೂ ಸೇರಿದ ಬುದ್ಧ ಪಥದ ಹಿಂಬದಿಯ ನೇರದಾರಿ ಒಂದು ಕಿಲೋಮೀಟರಿಗೂ ಹೆಚ್ಚು ಉದ್ದವಿದೆ; ಅಲ್ಲಿ ಇಂಥ ಹಿಂದಿಕ್ಕುವಿಕೆಗೆ ಧಾರಾಳ ಜಾಗ. ಮರೆಯಿಂದ ಯಾವಾಗ ಹೊರಬೀಳಬೇಕು ಎಂಬ ಅನುಭವಿ ಆಟಗಾರರ ಲೆಕ್ಕಾಚಾರ ಈ ಅಂಕಿಗಳ ಮೇಲೆಯೇ ನಿಂತಿದೆ: ಬೇಗ ಹೊರಬಿದ್ದರೆ ವೇಗ ಸಾಲದು, ತಡಮಾಡಿದರೆ ರಸ್ತೆ ಸಾಲದು.

ಈ ಉದಾಹರಣೆಯಲ್ಲಿ ಗೇರಿನ ಮಾತು ಬಂದಿಲ್ಲ. ಅದು ಬಹಳ ಮುಖ್ಯ. ಕೊನೆಯ ಗೇರಿನಲ್ಲಿ 169 ಕಿ.ಮೀ.ಗೇ ಎಂಜಿನ್ ತನ್ನ ಸುತ್ತುಗಳ ಮಿತಿ ಮುಟ್ಟಿಬಿಟ್ಟರೆ ಗಾಳಿಯ ತಡೆ ಅರ್ಧವಾದರೂ ಒಂದು ಕಿಲೋಮೀಟರ್ ವೇಗವೂ ಹೆಚ್ಚದು. ಸ್ಲಿಪ್‌ಸ್ಟ್ರೀಮ್ ಕೆಲಸ ಮಾಡುತ್ತಿಲ್ಲ ಎಂದು ಗೇಮ್‌ನ ಮೇಲೆ ತಪ್ಪು ಹೊರಿಸುವುದು ಅನೇಕ ಸಲ ಇದರಿಂದ. ಒಂಟಿ ಓಟಕ್ಕೆ ಹೊಂದಿಸಿದ ಗೇರು ಗುಂಪಿನ ಓಟಕ್ಕೆ ಗಿಡ್ಡವಾಗುತ್ತದೆ. ಪಂದ್ಯದ ತಂಡಗಳು ಸ್ಪ್ರಾಕೆಟ್ಟಿನ ಹಲ್ಲು ಬದಲಿಸುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ.

ಗೇಮ್‌ನೊಳಗಿನ ಅಳತೆಗೆ ಎರಡು ವಿಧಾನ ನಂಬತಕ್ಕವು. ಮೊದಲನೆಯದು ಸಮತೋಲನದ್ದು. ಪರೀಕ್ಷೆಯ ವಾಹನ ಒಂಟಿಯಾಗಿ ಮುಟ್ಟುವ ಗರಿಷ್ಠ ವೇಗವನ್ನು ಸಮತಟ್ಟಾದ ಉದ್ದ ರಸ್ತೆಯಲ್ಲಿ ಎರಡೂ ದಿಕ್ಕಿನಲ್ಲಿ ಓಡಿಸಿ ಗುರುತು ಹಾಕಿಕೊಳ್ಳಬೇಕು. ಆಮೇಲೆ ಅದಕ್ಕಿಂತ ವೇಗದ ವಾಹನವೊಂದನ್ನು ಮುಂದೆ ಬಿಟ್ಟು, ಅದರ ವೇಗವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ, ಹಿಂದಿನದು ಪೂರ್ತಿ ಆಕ್ಸಿಲರೇಟರಿನಲ್ಲಿ ಅಂತರ ಕಾಯ್ದುಕೊಳ್ಳಲು ಸರಿಯಾಗಿ ಶಕ್ತವಾಗುವ ವೇಗವನ್ನು ಹುಡುಕಬೇಕು. ಒಂಟಿಯಾಗಿ 169 ಓಡುವ ಬೈಕು ಮರೆಯಲ್ಲಿ 180 ಕಾಯ್ದುಕೊಂಡರೆ, 169ನ್ನು 180ರಿಂದ ಭಾಗಿಸಿ ಘನ ತೆಗೆದಾಗ 0.83 ಬರುತ್ತದೆ, ಆ ಅಂತರದಲ್ಲಿ ತಡೆ ಶೇ. 17ರಷ್ಟು ತಗ್ಗಿದೆ ಎಂದಾಯಿತು. ಅಂತರ ಬದಲಿಸುತ್ತ ಹೋದರೆ ಒಂದು ವಕ್ರರೇಖೆ ಸಿಗುತ್ತದೆ. ಆ ರೇಖೆಯ ರೂಪವೇ ಪ್ರೋಗ್ರಾಮಿನ ಗುಟ್ಟನ್ನು ಹೊರಗೆಡಹುತ್ತದೆ. ನಿಜವಾದ ಗಾಳಿಯಲ್ಲಿ ಲಾಭ ನಿಧಾನವಾಗಿ ಕರಗುತ್ತ ದೂರದವರೆಗೆ ಉಳಿದಿರುತ್ತದೆ. ಯಾವುದೋ ಒಂದು ದೂರದಲ್ಲಿ ತಟ್ಟನೆ ಸೊನ್ನೆಯಾದರೆ ಅಲ್ಲಿ ಶಂಕುವಿನ ತುದಿ ಇದೆ. ಸರಳರೇಖೆಯಂತೆ ಇಳಿದರೆ ಪ್ರೋಗ್ರಾಂ ಎರಡು ಬೆಲೆಗಳ ನಡುವೆ ಸಮವಾಗಿ ಹಂಚಿದೆ.

ಎರಡನೆಯ ವಿಧಾನಕ್ಕೆ ಕೋಸ್ಟ್‌ಡೌನ್ ಎಂದು ಹೆಸರು. ಕಾರ್ಖಾನೆಗಳು ಹೊಸ ವಾಹನದ ರಸ್ತೆಯ ತಡೆಯನ್ನು ನಿರ್ಧರಿಸುವುದೂ ಹೀಗೆಯೇ: ವೇಗಕ್ಕೆ ತಂದು, ನ್ಯೂಟ್ರಲ್‌ಗೆ ಬಿಟ್ಟು, ಎಷ್ಟು ಬೇಗ ನಿಧಾನವಾಗುತ್ತದೆ ಎಂದು ನೋಡುವುದು. ಮೇಲಿನ ಬೈಕು 160ರಿಂದ 150 ಕಿ.ಮೀ.ಗೆ ಇಳಿಯಲು, ಗಾಳಿಯ ತಡೆಯೊಂದನ್ನೇ ಲೆಕ್ಕಕ್ಕೆ ಹಿಡಿದರೆ, ಸುಮಾರು 1.8 ಸೆಕೆಂಡು ಬೇಕು. ಸೆಕೆಂಡಿಗೆ 60 ಚಿತ್ರದ ರೆಕಾರ್ಡಿಂಗಿನಲ್ಲಿ ಅದು 107 ಚಿತ್ರ. ಒಂದು ಚಿತ್ರದ ತಪ್ಪು ಶೇ. 1ಕ್ಕಿಂತ ಕಡಿಮೆ. ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತ ಎಣಿಸುವ ತಾಳ್ಮೆಯಿದ್ದ ಹೈಸ್ಕೂಲು ವಿದ್ಯಾರ್ಥಿಯೂ ಇದನ್ನು ಮಾಡಬಲ್ಲ. ಕಡಿಮೆ ವೇಗದಲ್ಲಿ ಇದೇ ಪರೀಕ್ಷೆ ಮಾಡಿದರೆ ಟೈರಿನ ತಡೆ ಪ್ರತ್ಯೇಕವಾಗಿ ಸಿಗುತ್ತದೆ; ಅಲ್ಲಿ ಗಾಳಿಯ ಪಾಲು ತೀರ ಸಣ್ಣದು.

ಇನ್ನು ಕೆಲವು ಪ್ರಶ್ನೆಗಳು ಒಂದೊಂದು ಓಟದಲ್ಲೇ ತೀರ್ಮಾನವಾಗುತ್ತವೆ. ಹಿಂದಿನ ಕಾರು ಅಂಟಿಕೊಂಡಾಗ ಮುಂದಿನ ಕಾರಿನ ವೇಗವೂ ಏರುತ್ತದೆಯೇ? ಏರದಿದ್ದರೆ ಲೆಕ್ಕ ಒಮ್ಮುಖದ್ದು. ಬೈಕಿನ ಹಿಂದೆ ಸಿಗುವ ಲಾಭವೂ ಲಾರಿಯ ಹಿಂದೆ ಸಿಗುವ ಲಾಭವೂ ಒಂದೇಯೇ? ಒಂದೇ ಆದರೆ ವಾಹನದ ಗಾತ್ರ ಲೆಕ್ಕದಲ್ಲಿಲ್ಲ. ಮರೆಯಿಂದ ಹೊರಬಂದ ಮೇಲೂ ವೇಗ ಏರುತ್ತಲೇ ಇದೆಯೇ? ಏರಿದರೆ ಅದು ಬಹುಮಾನದ ನೂಕು. ಪಕ್ಕದಿಂದ ಗಾಳಿ ಬೀಸಿದರೆ ಮರೆ ಓರೆಯಾಗುತ್ತದೆಯೇ? ಆಷಾಢದ ಗಾಳಿ ರಸ್ತೆಗೆ ಅಡ್ಡಲಾಗಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಬೀಸುವಾಗ 80 ಕಿ.ಮೀ.ಯಲ್ಲಿ ಹೋಗುವ ಲಾರಿಯ ಹಿಂದಿನ ಗಾಳಿ 20 ಡಿಗ್ರಿಯಷ್ಟು ಓರೆಗೊಂಡು, 20 ಮೀಟರ್ ಹಿಂದೆ ಏಳು ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿದಿರುತ್ತದೆ. ನೇರ ಹಿಂದಿರುವವನಿಗೆ ಆಗ ಮರೆಯೇ ಇಲ್ಲ.

ಹೊಸೂರು-ಕೃಷ್ಣಗಿರಿ ಹೆದ್ದಾರಿಯಲ್ಲಿ ಇದನ್ನು ಪರೀಕ್ಷಿಸಲು ಹೋಗಬಾರದು ಎಂಬುದಕ್ಕೂ ಲೆಕ್ಕವೇ ಸಾಕ್ಷಿ. 80 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ 22 ಮೀಟರ್ ದೂರ ಕಳೆದುಹೋಗುತ್ತದೆ. ಬ್ರೇಕ್ ದೀಪ ಕಂಡು ಕೈ ಲಿವರಿಗೆ ಹೋಗಲು ಅಷ್ಟು ಹೊತ್ತು ಬೇಕು. ಬೈಕಿಗೆ ಲಾರಿಯ ಮರೆ ಚೆನ್ನಾಗಿ ಸಿಗುವ ದೂರ ಅದಕ್ಕಿಂತ ಬಹಳ ಕಡಿಮೆ. ರಸ್ತೆಯ ಗುಂಡಿಯೂ ಲಾರಿಯ ಚಕ್ರದಿಂದ ಹೊರಬಿದ್ದ ಮೇಲೆಯೇ ಕಾಣುವುದು. ಲಾರಿಯನ್ನು ದಾಟಲು ಪಕ್ಕಕ್ಕೆ ಬಂದೊಡನೆ ಮೈಗೆ ಬಡಿಯುವ ಗಾಳಿ ಬೇರೆ.

ಅಳತೆ ಕೆಡಿಸುವ ಸಂಗತಿಗಳು ಗೇಮ್‌ನೊಳಗೂ ಇವೆ. ಹಿಂದುಳಿದವರಿಗೆ ಗುಟ್ಟಾಗಿ ವೇಗ ಕೊಡುವ ಏರ್ಪಾಡು ಸ್ಲಿಪ್‌ಸ್ಟ್ರೀಮ್‌ನಂತೆಯೇ ಕಾಣುತ್ತದೆ. ಮುಂದಿನ ಕಾರಿನಿಂದ ಹತ್ತು ಮೀಟರ್ ಪಕ್ಕಕ್ಕೆ ಸರಿದು ಓಡಿದಾಗಲೂ ಲಾಭ ಉಳಿದರೆ ಅದು ಗಾಳಿಯದಲ್ಲ. ಕೆಲವು ಗೇಮ್‌ಗಳ ಭೌತಲೆಕ್ಕ ಚಿತ್ರಗಳ ಎಣಿಕೆಗೆ ಕಟ್ಟುಬಿದ್ದಿರುತ್ತದೆ. 2013ರ ನೀಡ್ ಫಾರ್ ಸ್ಪೀಡ್ ರೈವಲ್ಸ್ ಕಂಪ್ಯೂಟರಿನಲ್ಲಿ ಸೆಕೆಂಡಿಗೆ 30 ಚಿತ್ರಕ್ಕೆ ಬೀಗ ಹಾಕಿಕೊಂಡು ಬಂತು. ಆಟಗಾರರು ಬೀಗ ತೆಗೆದು 60ಕ್ಕೆ ಏರಿಸಿದಾಗ ಆಟವೇ ಎರಡು ಪಟ್ಟು ಬೇಗ ಓಡಿತು. ಆದ್ದರಿಂದ ಚಿತ್ರಗಳ ದರವನ್ನು ಬರೆದಿಡದ ವೇಗದ ಅಳತೆ ಅಳತೆಯೇ ಅಲ್ಲ.

ಕೊನೆಯದು ನೆಟ್‌ವರ್ಕಿನ ವಿಳಂಬ, ಆನ್‌ಲೈನ್ ಪಂದ್ಯಗಳ ಬಹುಪಾಲು ಜಗಳಗಳಿಗೆ ಮೂಲ. ಎದುರಾಳಿಯ ಕಾರು ಎಲ್ಲಿದೆ ಎಂಬ ಸುದ್ದಿ ಬರುವಷ್ಟರಲ್ಲಿ ಅದು ಮುಂದೆ ಹೋಗಿರುತ್ತದೆ. ವಿಳಂಬ 100 ಮಿಲಿಸೆಕೆಂಡು ಇದ್ದರೆ 200 ಕಿ.ಮೀ. ವೇಗದಲ್ಲಿ 5.6 ಮೀಟರ್. ಹಿಂದಿನ ವೇಗ, ದಿಕ್ಕುಗಳನ್ನು ಆಧರಿಸಿ ಗೇಮ್ ಕಾರಿನ ಈಗಿನ ಜಾಗವನ್ನು ಅಂದಾಜು ಮಾಡಿ ತೋರಿಸುತ್ತದೆ. ನೇರ ರಸ್ತೆಯಲ್ಲಿ ಅಂದಾಜು ಸರಿಯಾಗುತ್ತದೆ, ಬ್ರೇಕ್ ಹಾಕಿದಾಗ ಅಥವಾ ಪಕ್ಕಕ್ಕೆ ಸರಿದಾಗ ತಪ್ಪುತ್ತದೆ. ಹೀಗಾಗಿ ಒಬ್ಬನ ಪರದೆಯಲ್ಲಿ ಮರೆಯೊಳಗಿರುವ ಕಾರು ಇನ್ನೊಬ್ಬನ ಪರದೆಯಲ್ಲಿ ಮರೆಯಿಂದಾಚೆ ಇರಬಹುದು. ಇಬ್ಬರ ಯಂತ್ರಗಳೂ ತಮ್ಮತಮ್ಮ ಲೆಕ್ಕದಂತೆ ಸರಿಯೇ. ಶಂಕುವಿನ ಅಂಚನ್ನು ಹುಡುಕುವ ಸೂಕ್ಷ್ಮ ಅಳತೆಗೆ ಇಂಟರ್‌ನೆಟ್ ಪಂದ್ಯ ತಕ್ಕದ್ದಲ್ಲ. ಅದಕ್ಕೆ ಒಂದೇ ಕೋಣೆಯಲ್ಲಿ ತಂತಿಯಿಂದ ಜೋಡಿಸಿದ ಎರಡು ಯಂತ್ರ ಬೇಕು. ಅಲ್ಲಿ ವಿಳಂಬ 5 ಮಿಲಿಸೆಕೆಂಡಿನೊಳಗಿದ್ದರೆ 200 ಕಿ.ಮೀ. ವೇಗದಲ್ಲೂ ಜಾಗದ ತಪ್ಪು 28 ಸೆಂಟಿಮೀಟರ್ ದಾಟುವುದಿಲ್ಲ.